ಸಂಜೆಯ ಬೆಲ್ಲ

ನನ್ನ ಗಂಡ ಕೆಲಸಕ್ಕಿದ್ದ ಫ್ಯಾಕ್ಟರಿಯಲ್ಲಿ ದಿನಾ ಸಂಜೆ ಬೆಲ್ಲ ಹಂಚುತ್ತಿದ್ದರು. ಫ್ಯಾಕ್ಟರಿ ಎಂದರೆ ದೊಡ್ಡ ಗೇಟು, ಚಿಮಣಿ, ಸೈರನ್ನು ಎಂದೆಲ್ಲ ಅಂದುಕೊಳ್ಳಬೇಡಿ. ಸುಂಕದಕಟ್ಟೆಯ ಒಂದು ಗಲ್ಲಿಯ ಕೊನೆಯಲ್ಲಿದ್ದ ತಗಡಿನ ಶೆಡ್ಡು ಅದು. ಒಳಗೆ ಹದಿನೈದಿಪ್ಪತ್ತು ಜನ ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು ಶೂಗಳ ಮೇಲ್ಭಾಗಕ್ಕೆ ಗಮ್ ಹಚ್ಚಿ ಅಂಟಿಸುತ್ತಿದ್ದರು. ಲಿಂಗಸುಗೂರಿನ ಕಡೆಯ ನಮ್ಮೂರಿನಲ್ಲಿದ್ದಾಗ ಗಂಡನ ಹೆಸರು ನನ್ನ ಬಾಯಿಗೆ ಬಂದರೆ ಅತ್ತೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಇಲ್ಲಿ ಕೇಳುವವರಿಲ್ಲವಾದ್ದರಿಂದ ಹೇಳಿಬಿಡುತ್ತೇನೆ, ಅಮರೇಶ. ಎದುರಿಗೆ ಮಾತ್ರ ಈಗಲೂ ‘ರೀ’ ಎಂದೇ ಕರೆಯುವುದು.

ಮಾಲೀಕರಾದ ಲಕ್ಷ್ಮೀಪತಿಯವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನನ್ನ ಬಾಯಿ ಸರಿಯಿಲ್ಲ, ಮುಂದೆ ಸಿಟ್ಟು ಬಂದರೆ ಅವರನ್ನು ಏನೇನು ಅಂದುಬಿಡುತ್ತೇನೋ ಗೊತ್ತಿಲ್ಲ. ಗಮ್ ತೆಳುವಾಗಲೆಂದು ಅದಕ್ಕೆ ತಿನ್ನರ್ ಬೆರೆಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ತಾವೇ ತೋಳು ಮಡಚಿಕೊಂಡು ಡ್ರಮ್ಮಿನ ಮುಂದೆ ಕೂರುತ್ತಿದ್ದರು. ಅವರ ತಂದೆ ಬಟ್ಟೆ ಮಿಲ್ಲಿನಲ್ಲಿದ್ದವರಂತೆ. ಹತ್ತಿಯ ಧೂಳು ಎದೆಯಲ್ಲಿ ಕೂರದಿರಲಿ ಎಂದು ಅಲ್ಲಿ ಕೆಲಸದವರಿಗೆ ಬೆಲ್ಲ ಕೊಡುತ್ತಿದ್ದರಂತೆ. ಅಪ್ಪನ ಬಾಯಿಂದ ಕೇಳಿದ್ದನ್ನು ಮಗ ಇಲ್ಲಿ ನಡೆಸಿಕೊಂಡು ಬಂದಿದ್ದರು. ಕೆಲಸ ಮುಗಿದ ಮೇಲೆ ಎಲ್ಲರೂ ಬಟ್ಟೆಯ ಚೂರಿಗೆ ತಿನ್ನರ್ ಸುರಿದುಕೊಂಡು ಕೈಗೆ ಮೆತ್ತಿದ ಗಮ್ ಒರೆಸಿಕೊಳ್ಳಬೇಕು, ಆಮೇಲೆ ಸಾಲಾಗಿ ಬಂದು ಮಾಲೀಕರ ಕೈಯಿಂದ ನಿಂಬೆಗಾತ್ರದ ಬೆಲ್ಲ ತೆಗೆದುಕೊಳ್ಳಬೇಕು.

“ತಿನ್ರಪ್ಪಾ, ತಿನ್ರಿ. ವಾಸನೆ ಎಲ್ಲಾ ಹೊಟ್ಟೆಗಿಳಿದು ಹೋಗುತ್ತೆ” ಅನ್ನುತ್ತಿದ್ದರು.

ಅಮರೇಶ ತಿನ್ನುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಮನೆಗೆ ತರುತ್ತಿದ್ದ. ನಮ್ಮ ಮಗಳಿಗೆ ಅವನ ತಾಯಿಯ ಹೆಸರಿಟ್ಟಿದ್ದೆವು, ದಾನಮ್ಮ. ಹಾಗಾಗಿ ಅವನು ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, “ಯವ್ವಾ, ಯಾವ ಕಿಸೇದಾಗ ಐತಿ ಹುಡುಕು ನೋಡೋಣ” ಅನ್ನುವನು. ಅವಳು ಅವನ ಅಂಗಿಯೊಳಗೇ ಹೊಕ್ಕಷ್ಟು ಹುಡುಕುವಳು. ಸಿಕ್ಕ ಬೆಲ್ಲವನ್ನು ಅವನ ಹೆಗಲ ಮೇಲೆ ಕೂತೇ ತಿನ್ನುವಳು. ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬರುತ್ತಿದ್ದ ಹೊತ್ತು ಅದು. ಆದರೆ ಬಾಯಿಗೆ ಬರುತ್ತಿದ್ದದ್ದು ಬೈಗುಳವೇ. “ಮೊದಲ ಕೈಕಾಲು ತೊಳಕೊಳ್ರಿ, ಗಬ್ಬ ನಾರಾಕತ್ತೀರಿ!”

ಒಂದು ಸಂಜೆ ಅವನು ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಇನ್ನೊಂದನ್ನ ಯಾರಿಗೆ ದಾನ ಕೊಟ್ಟು ಬಂದ್ರಿ?”

ಅವನು ತನ್ನ ಬರಿಗಾಲನ್ನು ಬೇರೆಯವರ ಕಾಲು ನೋಡುವ ಹಾಗೆ ನೋಡಿದ. “ಬಿದ್ದದ್ದ ಗೊತ್ತಾಗಿಲ್ಲಲೇ ಪಾರಿ” ಅಂದ.

ಮೂವರೂ ಬಂದ ದಾರಿಯಲ್ಲೇ ಹುಡುಕುತ್ತ ಹೋದೆವು. ಟೈಲರ್ ಅಂಗಡಿಯ ಮುಂದೆ ಬಿದ್ದಿತ್ತು. ಮಾರನೇ ದಿನ ಅವನು ಎರಡೂ ಚಪ್ಪಲಿಗೆ ಹಿಮ್ಮಡಿಯ ಹತ್ತಿರ ಎಲಾಸ್ಟಿಕ್ ಪಟ್ಟಿ ಹಾಕಿ ಹೊಲಿದ. ಶೂ ಕೆಲಸದವನಿಗೆ ಅದೇನು ಮಹಾ. ಚಪ್ಪಲಿ ಸಡಿಲಾಗಿದೆ ಎಂದು ಅವನೂ ಅಂದ, ನಾನೂ ಅಂದೆ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡತೊಡಗಿದ. ಗುಂಡಿಯ ತೂತು ಚಿಕ್ಕದಾಗಿದೆ ಅಂದ. ಊಟದ ಡಬ್ಬಿಯ ಮುಚ್ಚಳ ತೆಗೆಯಲು ಆಗುತ್ತಿಲ್ಲ ಎಂದ, ಡಬ್ಬಿ ಬದಲಾಯಿಸಿದೆ. ನಾವು ಚಪ್ಪಲಿ, ಅಂಗಿ, ಡಬ್ಬಿ ಎಲ್ಲವನ್ನೂ ಬೈದೆವು, ಅವನ ಕೈಕಾಲನ್ನು ಮಾತ್ರ ನೋಡಲಿಲ್ಲ.

ಒಂದು ಭಾನುವಾರ ಅವನ ಸ್ನಾನಕ್ಕೆಂದು ಕುದಿಯುವ ನೀರನ್ನು ಬಚ್ಚಲಲ್ಲಿಟ್ಟು, ಬೆರೆಸಲು ತಣ್ಣೀರು ತರಲು ಬೀದಿಯ ನಲ್ಲಿಗೆ ಹೋದೆ. ಕೊಡ ಹೊತ್ತು ಬರುವಷ್ಟರಲ್ಲಿ ಅವನು ಅದೇ ನೀರನ್ನು ಚೊಂಬಿನಲ್ಲಿ ಮೊಗೆದು ಕಾಲ ಮೇಲೆ ಸುರಿದುಕೊಳ್ಳುತ್ತಿದ್ದ. ಬಾಯಲ್ಲಿ ಹಾಡು ಬೇರೆ. ಕಾಲು ಕೆಂಪಗೆ ಉಬ್ಬಿತ್ತು. ನಾನು ಕೊಡ ಎತ್ತಿಹಾಕಿ ಕಿರುಚಿದೆ. ಅವನು ಬೆಚ್ಚಿಬಿದ್ದದ್ದು ನನ್ನ ಕಿರುಚಾಟಕ್ಕೆ, ನೀರಿಗಲ್ಲ.

“ಸುಡಾಕತ್ತಿಲ್ಲೇನ್ರಿ?”

“ಇಲ್ಲಲ್ಲ. ಬೆಚ್ಚಗ ಐತಿ.”

ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಗುಳ್ಳೆ ಏಳುತ್ತಿದ್ದ ಕಾಲುಗಳು. ಅವನು ಸುಮ್ಮನೆ ನನ್ನ ಮುಖ ನೋಡುತ್ತಿದ್ದ, ಒಂದು ಸಲವೂ ಹಾ ಅನ್ನಲಿಲ್ಲ. ಅವನು ನೋವಿಗೆ ಕೂಗಿಕೊಂಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸುಟ್ಟ ಸುದ್ದಿ ಕೇಳಿ ನಾಗರಾಜು ನೋಡಲು ಬಂದ. ಅವನು ಕಾಮಾಕ್ಷಿಪಾಳ್ಯದವನು, ಅಮರೇಶನ ಪಕ್ಕದಲ್ಲೇ ಕೂತು ಗಮ್ ಹಚ್ಚುವವನು. ಅಮರೇಶನನ್ನು ಗುರು ಅನ್ನುತ್ತಿದ್ದ, ನನ್ನನ್ನು ಅಕ್ಕ. ಟೀ ಕುಡಿದು ಎದ್ದು ಹೋಗುವಾಗ ಬಾಗಿಲ ಹೊರಗೆ ನನ್ನನ್ನು ಕರೆದು ಮೆಲ್ಲಗೆ ಹೇಳಿದ.

“ಅಕ್ಕ, ಚಾಡಿ ಅಂದ್ಕೋಬೇಡಿ. ಗುರು ಬೆಲ್ಲ ತಿನ್ನಲ್ಲ. ನಾವೆಲ್ಲಾ ಅಲ್ಲೇ ಬಾಯಿಗೆ ಹಾಕ್ಕೋತೀವಿ. ಅವನು ಒಬ್ಬನೇ ಜೇಬಿಗೆ ಹಾಕ್ಕೊಂಡು ಬರ್ತಾನೆ. ಗಮ್ಮು ಒಳಗೇ ಕೂತ್ಕೊಂಡ್‌ಬಿಟ್ಟಿದೆ ಕಣಕ್ಕ.”

ನಾನು ಒಳಗೆ ಬಂದು ಮಗಳನ್ನು ನೋಡಿದೆ. ತುಟಿಯ ಅಂಚಿನಲ್ಲಿ ಬೆಲ್ಲ ಅಂಟಿಕೊಂಡಿತ್ತು. ಅವಳು ತಿಂದದ್ದಷ್ಟೇ ಅಲ್ಲ, ಅವಳ ಕೈಯಿಂದ ಚೂರು ಮುರಿದು ನಾನೂ ಎಷ್ಟೋ ಸಲ ಬಾಯಿಗೆ ಹಾಕಿಕೊಂಡಿದ್ದೆ. ಅವನ ಕಾಲನ್ನು ನಾವಿಬ್ಬರೂ ಕೂತು ತಿಂದೆವಲ್ಲ ಅನ್ನಿಸಿತು. ಮಗು ಏನೂ ಅರಿಯದೆ ಬಾಯಿ ಚಪ್ಪರಿಸುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಬೆಲ್ಲದ ಆಳ್ವಿಕೆ ಶುರುವಾಯಿತು. ಚಹಾಕ್ಕೆ ಬೆಲ್ಲ, ರೊಟ್ಟಿಗೆ ಬೆಲ್ಲ, ಅವಲಕ್ಕಿಗೆ ಬೆಲ್ಲ. ಹುಳಿಗೂ ಒಂದು ಹೆಂಟೆ ಹಾಕಿದಾಗ ಅಮರೇಶ ತಟ್ಟೆ ಸರಿಸಿ ಕೈ ಮುಗಿದ. ಅಷ್ಟು ಸಾಲದೆಂದು ಸಂಜೆ ಶೆಡ್ಡಿನ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ, ಅವನು ಬೆಲ್ಲ ನುಂಗುವುದನ್ನು ಕಣ್ಣಾರೆ ನೋಡಲು. ಶಾಲೆಯ ಮಾಸ್ತರರ ಮುಂದೆ ನಿಂತವನಂತೆ ಅವನು ಬಾಯಿ ಅಗಲಿಸಿ ನಾಲಿಗೆ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು.

“ಏನಮ್ಮಾ ಪಾರವ್ವ, ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಲಕ್ಷ್ಮೀಪತಿಯವರು ಕೇಳಿದರು.

“ನಿಮ್ಮ ಮ್ಯಾಲ ಐತ್ರಿ ಸರ, ಇವರ ಮ್ಯಾಲ ಇಲ್ಲ” ಅಂದೆ.

ಆದರೂ ಕಾಲು ಸೋಲುತ್ತಲೇ ಹೋಯಿತು. ನಡೆಯುವಾಗ ಪಾದ ನೆಲಕ್ಕೆ ಪಟ್ ಪಟ್ ಎಂದು ಬಡಿಯತೊಡಗಿತು. ಬೆಲ್ಲದಿಂದ ಮುಖ ತುಂಬಿಕೊಂಡಿತು, ಮೀನಖಂಡ ಬತ್ತಿಹೋಯಿತು. ನಾನು ಇನ್ನಷ್ಟು ಬೆಲ್ಲ ಹಾಕಿದೆ.

ಒಂದು ದಿನ ಸ್ವಲ್ಪ ಬೇಗನೆ ಹೋಗಿದ್ದೆ. ಶೆಡ್ಡಿನ ಬಾಗಿಲು ಹಾಕಿತ್ತು. ಹೊರಗೆ ಎಲ್ಲರ ಚಪ್ಪಲಿಗಳು ಸಾಲಾಗಿದ್ದವು, ಒಳಗೆ ನೆಲಕ್ಕೆ ಬಿದ್ದ ಗಮ್ ಮೆತ್ತದಿರಲಿ ಎಂದು ಹೊರಗೇ ಬಿಡುತ್ತಿದ್ದರು. ಅಮರೇಶನದ್ದನ್ನು ಬಿಸಿಲಿನಿಂದ ಸರಿಸಿಡೋಣ ಎಂದು ಎಲಾಸ್ಟಿಕ್ ಪಟ್ಟಿಯಿದ್ದ ಜೋಡಿಯನ್ನು ಕೈಗೆತ್ತಿಕೊಂಡೆ. ಅದು ಅವನದಾಗಿರಲಿಲ್ಲ, ಅಳತೆ ಸಣ್ಣದು. ಪಕ್ಕದ್ದಕ್ಕೂ ಪಟ್ಟಿಯಿತ್ತು, ಅದೂ ಅವನದಲ್ಲ. ಅದರಾಚೆಯದಕ್ಕೆ ರಬ್ಬರ್ ಟ್ಯೂಬಿನ ಚೂರು ಅಂಟಿಸಿದ್ದರು. ಒಬ್ಬ ಹೆಂಗಸು ತನ್ನ ಕುಪ್ಪಸದ ಬಟ್ಟೆಯಿಂದಲೇ ಪಟ್ಟಿ ಮಾಡಿ ಎಷ್ಟು ಚೆಂದ ಹೊಲಿದಿದ್ದಳು! ನಾಗರಾಜುವಿನ ಹಸಿರು ಚಪ್ಪಲಿ ನನಗೆ ಗುರುತಿತ್ತು. ಅದಕ್ಕೂ ಹಿಂದೆ ದಾರ ಬಿಗಿದಿತ್ತು. ಅರ್ಧಕ್ಕಿಂತ ಹೆಚ್ಚು ಚಪ್ಪಲಿಗಳು ಹಾಗೆಯೇ ಇದ್ದವು. ಎಲ್ಲರೂ ತಂತಮ್ಮ ಚಪ್ಪಲಿ ಸಡಿಲಾಗಿದೆ ಅಂದುಕೊಂಡು, ಶೂ ಕೆಲಸದವರಲ್ಲವೇ, ತಾವೇ ರಿಪೇರಿ ಮಾಡಿಕೊಂಡು, ಯಾರಿಗೂ ಹೇಳದೆ ಇದ್ದುಬಿಟ್ಟಿದ್ದರು.

ನಾನು ಆ ಚಪ್ಪಲಿಗಳ ನಡುವೆ ಕೂತುಬಿಟ್ಟೆ. ನಾಗರಾಜು ದಿನಾ ಬೆಲ್ಲ ತಿನ್ನುತ್ತಿದ್ದ. ಇವರೆಲ್ಲರೂ ತಿನ್ನುತ್ತಿದ್ದರು.

ಎದ್ದು ಬಾಗಿಲು ತಳ್ಳಿದೆ. ಅಷ್ಟು ದಿನ ಹೊರಗೆ ನಿಂತು ಹೋಗುತ್ತಿದ್ದವಳು, ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕಣ್ಣು ಉರಿದು ನೀರು ಬಂತು, ತಲೆ ಗಿರ್ರೆಂದಿತು. ಕಿಟಕಿಗಳೆಲ್ಲ ಹಾಕಿದ್ದವು. ಮೇಲೆ ಫ್ಯಾನುಗಳು ಅಲುಗಾಡದೆ ನಿಂತಿದ್ದವು.

“ಫ್ಯಾನ್ ಯಾಕ ಹಾಕಿಲ್ಲ?” ಎಂದು ಕೇಳಿದೆ.

“ಹಾಕಿದ್ರೆ ಗಮ್ ಕೆನೆ ಕಟ್ಟುತ್ತೆ ಅಕ್ಕ, ಅಂಟಲ್ಲ” ಅಂದ ನಾಗರಾಜು. “ಕಿಟಕಿ ತೆಗೆದ್ರೆ ರೋಡಿನ ಧೂಳು ಬಂದು ಕೂರುತ್ತೆ.”

ನಾನು ಮೇಜಿನ ಹತ್ತಿರ ಹೋಗಿ ಅಮರೇಶನ ಕೈ ಹಿಡಿದು ಎಬ್ಬಿಸಿದೆ. ಅವನ ಇನ್ನೊಂದು ಕೈಯಲ್ಲಿ ಅರ್ಧ ಅಂಟಿಸಿದ ಶೂ ಇತ್ತು. ಅದನ್ನು ಕಿತ್ತು ಮೇಜಿನ ಮೇಲೆ ಇಟ್ಟೆ. ಯಾರೂ ನಗಲಿಲ್ಲ. “ಬೆಲ್ಲ ಆದ್ರೂ ತಗೊಂಡು ಹೋಗಮ್ಮ” ಎಂದು ಲಕ್ಷ್ಮೀಪತಿಯವರು ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ನರದ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದ ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದಳು, ಕಾಲು ಚಿಮ್ಮಲಿಲ್ಲ. ಕಣ್ಣು ಮುಚ್ಚಿಸಿ ಅವನ ಕಾಲಿನ ಹೆಬ್ಬೆರಳು ಹಿಡಿದು, “ಈಗ ಬೆರಳು ಮೇಲಿದೆಯಾ, ಕೆಳಗಿದೆಯಾ?” ಎಂದು ಕೇಳಿದಳು. ಕೆಳಗಿದ್ದಾಗ ಅವನು ಮೇಲೆ ಅಂದ, ಮೇಲಿದ್ದಾಗ ಕೆಳಗೆ ಅಂದ. ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಹೇಳಿಕೊಡುವಂತೆ ಹೇಳಿಕೊಟ್ಟುಬಿಡೋಣ ಎಂದು ನನ್ನ ತುಟಿ ತುಡಿಯುತ್ತಿತ್ತು. ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಕೂತು, ಏನು ಕೆಲಸ, ಗಮ್ಮಿಗೆ ಏನು ಬೆರೆಸುತ್ತಾರೆ, ಕೈ ಯಾವುದರಲ್ಲಿ ತೊಳೆಯುತ್ತೀರಿ, ಗಾಳಿ ಆಡುತ್ತದೆಯೇ ಎಂದೆಲ್ಲ ಕೇಳಿದಳು.

“ಆ ತಿನ್ನರ್ ಆವಿ ಉಸಿರಲ್ಲಿ ಒಳಗೆ ಹೋಗುತ್ತೆ. ಕೈ ಒರೆಸ್ಕೊಂಡಾಗ ಚರ್ಮದಲ್ಲೂ ಇಳಿಯುತ್ತೆ. ನರಗಳನ್ನ ತುದಿಯಿಂದ ಹಾಳು ಮಾಡ್ತಾ ಬರುತ್ತೆ. ಅದಕ್ಕೇ ಮೊದಲು ಪಾದ, ಆಮೇಲೆ ಕೈ” ಅಂದಳು.

ನನಗೆ ತಡೆಯಲಾಗಲಿಲ್ಲ. “ಬೆಲ್ಲ ತಿಂದಿದ್ರ ಹಿಂಗ ಆಗತಿರಲಿಲ್ಲೇನ್ರಿ ಡಾಕ್ಟ್ರ?”

“ಬೆಲ್ಲ ಒಳ್ಳೇದೇ ಅಮ್ಮ. ಆದ್ರೆ ಇದಕ್ಕೆ ಅದು ಏನೂ ಮಾಡಲ್ಲ. ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ.”

ಮಗಳ ತಲೆಯ ಮೇಲೆ ನಾನೇ ಹೊರಿಸಿದ್ದ ಪಾಪ ಆ ಒಂದು ಮಾತಿಗೆ ಇಳಿದುಹೋಯಿತು. ಅಲ್ಲೇ ಅತ್ತುಬಿಟ್ಟೆ. ಡಾಕ್ಟರು ನಾನು ಅಳುವುದು ಮುಗಿಯಲಿ ಎಂದು ಕಾದು ಮತ್ತೆ ಹೇಳಿದಳು.

“ಆ ಕೆಲಸ ಬಿಡಲೇಬೇಕು. ಇದಕ್ಕೆ ಅಂತ ಔಷಧಿ ಇಲ್ಲ, ಬಿಟ್ರೆ ನರ ತಾನಾಗೇ ನಿಧಾನಕ್ಕೆ ಬೆಳೆಯುತ್ತೆ. ಪೂರ್ತಿ ಬರುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ. ಇನ್ನೊಂದು ಮಾತು ನೆನಪಿಟ್ಕೊಳ್ಳಿ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಇನ್ನೂ ಜಾಸ್ತಿ ಆಗುತ್ತೆ. ಹೆದರ್ಕೊಂಡು ವಾಪಸ್ ಹೋಗ್ಬೇಡಿ.”

ಅವಳು ಹೇಳಿದ್ದು ನಿಜವಾಯಿತು. ಮನೆಯಲ್ಲಿ ಕೂತ ಮೇಲೆ ಅವನ ಕಾಲು ಇನ್ನೂ ಕೆಟ್ಟಿತು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದವನಾದ. ಬೆರಳುಗಳು ಅನ್ನ ಕಲಸುವುದನ್ನೂ ಬಿಟ್ಟವು. ನಾನು ರೊಟ್ಟಿ ಬಡಿಯಲು ಶುರುಮಾಡಿದೆ. ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಕಡೆಯ ಹುಡುಗರು ಊಟ ಮಾಡುವ ಮೆಸ್ ಇತ್ತು, ಮೆಸ್ಸಿನವರು ಎಷ್ಟು ಬಡಿದು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ. ಬೆಳಗಿನ ರೊಟ್ಟಿ ಮುಗಿಸಿ ಅವನಿಗೆ ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಅವನ ಗುಂಡಿ ಬಿಚ್ಚಲು ನಾಚುತ್ತಿದ್ದವಳು, ಈಗ ಹಾಕಲು ನಾಚಿಕೆಯೆಲ್ಲಿ ಎಂದು ಚೇಷ್ಟೆ ಮಾಡಿದೆ. ಅವನು ಒಂದು ದಿನ ನಕ್ಕ. ಆಮೇಲೆ ನಗಲಿಲ್ಲ.

ಒಮ್ಮೆ ದಾನಮ್ಮ ಎರಡೂ ಕೈ ಚಾಚಿ ಎತ್ತಿಕೋ ಎಂದು ಹಟ ಹಿಡಿದಳು. ಅವನು ಹಾಸಿಗೆಯ ಮೇಲೆ ಕೂತೇ ಅವಳನ್ನು ಎತ್ತಿದ. ಎದೆಯವರೆಗೆ ಬಂದಿದ್ದಳು, ಅಷ್ಟರಲ್ಲಿ ಅವನ ಹಿಡಿತ ಬಿಟ್ಟುಹೋಯಿತು. ಅವಳು ಜಾರಿ ಹಾಸಿಗೆಯ ಮೇಲೆ ಬಿದ್ದಳು. ಆಟವೆಂದುಕೊಂಡು ಕಿಲಕಿಲ ನಕ್ಕು ಮತ್ತೆ ಕೈ ಚಾಚಿದಳು. ಅವನು ತನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಅಂದಿನಿಂದ ಮಗಳನ್ನು ಮುಟ್ಟುವುದನ್ನೇ ಬಿಟ್ಟ.

“ಕೆಲಸದಾಗ ಇದ್ದಾಗ ನಡೀತಿದ್ದೆ ಪಾರಿ. ಬಿಟ್ಟ ಮ್ಯಾಲನ ಹಿಂಗಾತು. ನಾ ತಿರುಗಿ ಹೋಗತೀನಿ” ಅಂದ.

“ಮೊದಲ ಜಾಸ್ತಿ ಆಗತೈತಿ ಅಂತ ಡಾಕ್ಟ್ರು ಹೇಳ್ಯಾರ್ರೀ.”

“ಡಾಕ್ಟ್ರು ನನ್ನ ಕಾಲಾಗ ಕುಂತಾರೇನು?”

ದಿನಕ್ಕೆ ಹತ್ತು ಸಲ ಇದೇ ಮಾತು. ನಾನು ಗಟ್ಟಿಯಾಗಿಯೇ ಹೇಳುತ್ತಿದ್ದೆ, ಆದರೆ ಒಳಗೆ ನನಗೂ ಅನುಮಾನ ಬರುತ್ತಿತ್ತು. ಆ ಹುಡುಗಿ ತಪ್ಪಿದ್ದರೆ? ನನ್ನ ಹಟಕ್ಕೆ ಇವನ ಕಾಲು ಶಾಶ್ವತವಾಗಿ ಹೋಗಿಬಿಟ್ಟರೆ? ರೊಟ್ಟಿ ಬಡಿಯುವಾಗ ಅಳು ಬರುತ್ತಿತ್ತು. ಹಿಟ್ಟು ಕಣ್ಣಿಗೆ ಹೋಯಿತು ಎಂದು ಒರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಲಕ್ಷ್ಮೀಪತಿಯವರು ಸ್ಕೂಟರಿನಲ್ಲಿ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ಬೆಲ್ಲದ ಪೊಟ್ಟಣ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು ಅಮರೇಶನ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಅವನ ಕಾಲು ನೋಡ ನೋಡುತ್ತ ಅವರ ಕಣ್ಣು ತುಂಬಿತು. ಅದು ನಾಟಕವಲ್ಲ, ನನಗೆ ಗೊತ್ತಾಗುತ್ತದೆ.

“ನೋಡಮ್ಮ, ನನ್ನ ಹತ್ರ ಇದ್ದಾಗ ಓಡಾಡ್ಕೊಂಡಿದ್ದ. ಮೈಗೆ ಅದು ಅಭ್ಯಾಸ ಆಗಿರುತ್ತೆ. ದಿಢೀರ್ ಅಂತ ಬಿಡಿಸಿದ್ರೆ ಹೀಗೇ ಆಗೋದು. ಸೋಮವಾರದಿಂದ ಕಳಿಸು. ಬಾಗಿಲ ಪಕ್ಕ ಕೂರಿಸ್ತೀನಿ, ಕಷ್ಟದ ಕೆಲಸ ಕೊಡಲ್ಲ. ಹೆಂಗೂ ಕೂತೇ ಮಾಡೋ ಕೆಲಸ.”

ಅಮರೇಶನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಆ ಮುಖ ಅರಳಿದ್ದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು.

“ಬರತೀನ್ರಿ ಸರ” ಅಂದ ಅವನು.

“ಬರಾಂಗಿಲ್ರಿ!” ಅಂದೆ ನಾನು. “ನಿಮ್ಮ ಶೆಡ್ಡಿನ ಬಾಗಿಲಾಗ ಬಿಟ್ಟಿರೋ ಚಪ್ಪಲಿ ಒಮ್ಮೆರ ನೋಡೀರೇನ್ರಿ ಸರ? ಎಷ್ಟಕ್ಕ ಹಿಂದ ಪಟ್ಟಿ ಹಚ್ಯಾರ ನೋಡೀರೇನು? ಅವರೆಲ್ಲಾ ನಿಮ್ಮ ಬೆಲ್ಲ ತಿಂದವರ!”

“ಅಗ್ಗದ ಚಪ್ಪಲಿ ಕಣಮ್ಮ, ಬೇಗ ಸಡಿಲ ಆಗುತ್ತೆ” ಎಂದು ಅವರು ಸಮಾಧಾನದಿಂದಲೇ ಹೇಳಿ ಎದ್ದರು. ನನ್ನ ಸಿಟ್ಟಿಗೆ ಬೇಸರ ಮಾಡಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ಗೋಡೆ ಹಿಡಿದು ಚಪ್ಪಲಿಗೆ ಕಾಲು ತೂರಿಸಿದರು. ನಮ್ಮ ಗಲ್ಲಿಯಲ್ಲಿ ಪೈಪು ಹಾಕಲು ಅಗೆದು ಜಲ್ಲಿ ಸುರಿದಿದ್ದರು, ಸ್ಕೂಟರ್ ಅದರಾಚೆ ನಿಂತಿತ್ತು. “ಸೋಮವಾರ ಕಣೋ ಅಮರೇಶ, ಮರೀಬೇಡ” ಎಂದು ಹಿಂದೆ ತಿರುಗಿ ಹೇಳುತ್ತ ಜಲ್ಲಿಯ ಮೇಲೆ ನಡೆದು ಹೋದರು.

ಮೊದಲು ನೋಡಿದ್ದು ಅಮರೇಶ. ಅವರ ಎಡಗಾಲಿನ ಚಪ್ಪಲಿ ನಮ್ಮ ಹೊಸ್ತಿಲಲ್ಲೇ ಉಳಿದಿತ್ತು. ಬರಿಗಾಲಲ್ಲಿ ಚೂಪು ಜಲ್ಲಿ ತುಳಿಯುತ್ತ, ಒಂದಿಷ್ಟೂ ಕುಂಟದೆ, ಅವರು ಹೋಗುತ್ತಲೇ ಇದ್ದರು.

ಅಮರೇಶ ಗೋಡೆ ಹಿಡಿದು ಎದ್ದ. ಹೊಸ್ತಿಲಲ್ಲಿ ಬಗ್ಗಲು ಹೋಗಿ ಮಂಡಿಯೂರಿ ಬಿದ್ದ. ಬೆರಳಿಗೆ ಹಿಡಿತ ಸಿಗದೆ ಆ ಚಪ್ಪಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಎತ್ತಿಕೊಂಡು, “ಸರ” ಎಂದು ಕೂಗಿದ.

ಲಕ್ಷ್ಮೀಪತಿಯವರು ತಿರುಗಿದರು. ಚಪ್ಪಲಿಯನ್ನು ನೋಡಿದರು, ಆಮೇಲೆ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಜಲ್ಲಿ ಕೊಯ್ದು ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಮೆಲ್ಲಗೆ ನಡೆದು ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ನಾನು ನೀರು ತಂದು ಗಾಯ ತೊಳೆದೆ. ಅಮರೇಶ ಹಿಡಿತವಿಲ್ಲದ ಆ ಎರಡು ಕೈಗಳಿಂದಲೇ ಅವರಿಗೆ ಚಪ್ಪಲಿ ತೊಡಿಸಿದ.

“ಸಡಿಲ ಆಗೇತೇನ್ರಿ ಸರ?” ಎಂದು ಮೆತ್ತಗೆ ಕೇಳಿದ.

“ಇಲ್ಲ ಕಣೋ, ಹೊಸದು” ಅಂದರು ಅವರು. ಆಚೆ ನಿಂತ ಸ್ಕೂಟರಿನ ಕಡೆ ನೋಡುತ್ತ, “ಸ್ಕೂಟರ್ ಬ್ರೇಕ್ ಮೇಲೆ ಕಾಲಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಕೊಂಡು ಒತ್ತಬೇಕು ಈಗೀಗ. ವಯಸ್ಸಾಯ್ತು ಅಂದ್ಕೊಂಡಿದ್ದೆ” ಅಂದರು.

ಅವತ್ತು ಅವರು ಸ್ಕೂಟರನ್ನು ತಳ್ಳಿಕೊಂಡೇ ಹೋದರು. ಅಮರೇಶ ತಿರುಗಿ ಕೆಲಸಕ್ಕೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಅದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಶೆಡ್ಡಿನ ಕಿಟಕಿಗಳು ತೆರೆದವು, ಫ್ಯಾನು ತಿರುಗಿತು, ಗಮ್ ಕೆನೆ ಕಟ್ಟಿತು, ಮಾಲು ವಾಪಸು ಬಂತು. ಕೊನೆಗೆ ಲಕ್ಷ್ಮೀಪತಿಯವರು ಅಂಟಿಸುವ ಕೆಲಸವನ್ನೇ ನಿಲ್ಲಿಸಿ ಬರೀ ಹೊಲಿಗೆ ಇಟ್ಟುಕೊಂಡರು. ನಾಗರಾಜು ಆಸ್ಪತ್ರೆಗೆ ಹೋಗಿ ಬಂದು ಹೊಲಿಗೆ ಕಲಿಯತೊಡಗಿದ. ಕುಪ್ಪಸದ ಪಟ್ಟಿ ಹೊಲಿದಿದ್ದ ಹೆಂಗಸು ಮಾತ್ರ ಯಾರ ಮಾತೂ ಕೇಳದೆ ಹಿಂದಿನ ಗಲ್ಲಿಯ ಇನ್ನೊಂದು ಶೆಡ್ಡಿಗೆ ಸೇರಿಕೊಂಡಳು. ಅಲ್ಲಿಯೂ ಫ್ಯಾನು ಹಾಕುವುದಿಲ್ಲ. ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಅಮರೇಶನ ಕಾಲು ಕೆಡುವುದು ಒಂದು ಹಂತಕ್ಕೆ ಬಂದು ನಿಂತಿತು. ಆದರೆ ಕೂಡಲೇ ಸುಧಾರಿಸಲೂ ಇಲ್ಲ. ತಿಂಗಳುಗಳು ಕಳೆದವು. ಕೈಗೆ ಸ್ವಲ್ಪ ಹಿಡಿತ ಬಂದು, ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬರುವಷ್ಟಾಯಿತು, ಆದರೆ ನೆಲ ಬಿಸಿಯೋ ತಣ್ಣಗೋ ಅವನಿಗೆ ತಿಳಿಯುತ್ತಿರಲಿಲ್ಲ. ಇಷ್ಟೇ ಇರಬೇಕು ನಮ್ಮ ಪಾಲಿಗೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಡಾಕ್ಟರು ಮತ್ತೆ ಬಂದು ತೋರಿಸಲು ಹೇಳಿದ್ದ ತಾರೀಖು ಬಂತು. ಲಕ್ಷ್ಮೀಪತಿಯವರೂ ಈಗ ಅದೇ ಡಾಕ್ಟರಿಗೆ ತೋರಿಸುತ್ತಿದ್ದರು, ಸ್ಕೂಟರ್ ಮಾರಿ, ಚಪ್ಪಲಿ ಬಿಟ್ಟು ಶೂ ಹಾಕತೊಡಗಿದ್ದರು. ಎಲ್ಲರೂ ಒಟ್ಟಿಗೆ ಬಸ್ಸಿನಲ್ಲೇ ಹೊರಟೆವು.

ಮಾಗಡಿ ರಸ್ತೆಯ ಬಸ್ಸು, ಆಫೀಸಿನ ಹೊತ್ತು, ಕಾಲಿಡಲು ಜಾಗವಿಲ್ಲ. ಕಂಡಕ್ಟರು ಕೋಲು ನೋಡಿ ಅಮರೇಶನಿಗೆ ಒಂದು ಸೀಟು ಬಿಡಿಸಿಕೊಟ್ಟ. ನಾನು ಎದುರಿಗೆ ಹೆಂಗಸರ ಸೀಟಿನಲ್ಲಿ ದಾನಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಲಕ್ಷ್ಮೀಪತಿಯವರು ಅಮರೇಶನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದರು. ಕಾಮಾಕ್ಷಿಪಾಳ್ಯದ ಹತ್ತಿರ ಯಾವನೋ ಆಟೋದವನು ಅಡ್ಡ ಬಂದ. ಡ್ರೈವರು ಗಕ್ಕನೆ ಬ್ರೇಕು ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

“ಅಯ್ಯಯ್ಯೋ! ಕಾಲು, ಕಾಲು!” ಎಂದು ಅಮರೇಶ ಕೂಗಿಕೊಂಡ.

ಬಸ್ಸೆಲ್ಲ ತಿರುಗಿ ನೋಡಿತು. ನಾನು ಮಗಳನ್ನು ಪಕ್ಕದವರ ತೊಡೆಗೆ ಹಾಕಿ ಎದ್ದೆ. ಅಮರೇಶನ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

“ಪಾರಿ, ನೋಯಾಕತ್ತೇತಿ. ನೋಯಾಕತ್ತೇತಿ ನೋಡಲೇ!”

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂತು. ಪಕ್ಕದ ಹೆಂಗಸರು ಇವಳಿಗೇನು ಹುಚ್ಚೇ ಎಂಬಂತೆ ನೋಡಿದರು. ಲಕ್ಷ್ಮೀಪತಿಯವರು ಗಾಬರಿಯಿಂದ ಸುತ್ತಲಿನವರ ಮೇಲೆ ರೇಗಿದರು.

“ಯಾರ್ರೀ ಅದು? ಕಣ್ಣು ಕಾಣಲ್ವಾ? ಹುಷಾರಿಲ್ಲದೋನ ಕಾಲು ತುಳಿದಿದ್ದು ಯಾರು?”

ಎಲ್ಲರೂ ತಂತಮ್ಮ ಕಾಲು ನೋಡಿಕೊಂಡರು. ಅಮರೇಶ ಕಾಲು ಎಳೆದುಕೊಳ್ಳಲಿಲ್ಲ. ನಾವಿಬ್ಬರೂ ಕೆಳಗೆ ನೋಡುತ್ತಿದ್ದದ್ದನ್ನು ಕಂಡು ಅವರೂ ಬಗ್ಗಿ ನೋಡಿದರು. ಅವರ ಶೂ ಇನ್ನೂ ಅಮರೇಶನ ಬೆರಳುಗಳ ಮೇಲೇ ಇತ್ತು, ಅವರ ಮೈಭಾರವೆಲ್ಲ ಅದರ ಮೇಲಿತ್ತು.

“ನಾನಾ?” ಅಂದರು. ಆ ಕಾಲನ್ನು ಕಣ್ಣಿಂದಲೇ ಹಿಡಿದು ಎತ್ತುವವರಂತೆ ನೋಡುತ್ತ ನೋಡುತ್ತ ಮೆಲ್ಲಗೆ ಪಕ್ಕಕ್ಕಿಟ್ಟರು. “ತುಂಬಾ ನೋವಾಯ್ತೇನೋ?”

“ಬಾಳ ನೋವಾತ್ರಿ ಸರ” ಅಂದ ಅಮರೇಶ. ಅಷ್ಟು ಸಂತೋಷದಲ್ಲಿ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

“ನನಗೇನೂ ಗೊತ್ತಾಗ್ಲಿಲ್ಲ ಕಣೋ” ಅಂದರು ಅವರು.

ನನ್ನ ನಗು ಅಲ್ಲಿಗೆ ನಿಂತಿತು. ಅಮರೇಶ ಅವರ ಮುಖ ನೋಡಿದ. ಕೋಲನ್ನು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು ಎದ್ದ. ಅವರ ತೋಳು ಹಿಡಿದು ತನ್ನ ಸೀಟಿನಲ್ಲಿ ಕೂರಿಸಿದ. ಬೇಡ ಬೇಡ ಎಂದರೂ ಕೇಳಲಿಲ್ಲ. ಬಸ್ಸು ಮತ್ತೆ ಹೊರಟಿತು. ಅವರ ಹೆಗಲ ಮೇಲೆ ಒಂದು ಕೈಯಿಟ್ಟು, ನಮ್ಮ ಸ್ಟಾಪು ಬರುವವರೆಗೂ ಅಮರೇಶ ನಿಂತೇ ಇದ್ದ.